ಸೇನೆ ಬಿಟ್ಟು ಕಂಪನಿ ಸೇರಿದ ಮೇಲೆ ಆಫೀಸಿಗೆ ಹೊಂದಿಕೊಳ್ಳುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: 15 ವರ್ಷ ಸೇನೆಯಲ್ಲಿದ್ದು ಕಂಪನಿ ಸೇರಿ ಎರಡು ತಿಂಗಳಾಗಿದೆ. ಮೀಟಿಂಗಿನಲ್ಲಿ ಎಲ್ಲರೂ ತಲೆಯಾಡಿಸುತ್ತಾರೆ, ಆಮೇಲೆ ಕೆಲಸ ಆಗುವುದಿಲ್ಲ. ಗಟ್ಟಿಯಾಗಿ ಕೇಳಿದರೆ ಒರಟು ಅನ್ನುತ್ತಾರೆ.

ಸೇನೆಯಲ್ಲಿ ಯಾರ ಮಾತು ನಡೆಯುತ್ತದೆ ಎಂಬುದು ಭುಜದ ಮೇಲೇ ಕಾಣುತ್ತದೆ. ಆಫೀಸಿನಲ್ಲಿ ಅದನ್ನು ಹುಡುಕಬೇಕು. ದೊಡ್ಡ ಹುದ್ದೆಯವರ ಕೈಯಲ್ಲಿ ಬಜೆಟ್ ಇಲ್ಲದಿರಬಹುದು, ಮೂಲೆಯಲ್ಲಿ ಕೂತ ಹಳೆಯ ಇಂಜಿನಿಯರ್ ಹೂಂ ಅನ್ನದೆ ಏನೂ ಮುಂದೆ ಹೋಗದಿರಬಹುದು. ಹಾಗಾಗಿ ಪ್ರತಿ ಕೆಲಸಕ್ಕೂ ಮೂರು ಹೆಸರು ಬರೆದಿಟ್ಟುಕೊಳ್ಳಿ: ಮಾಡುವವರು ಯಾರು, ಒಪ್ಪಬೇಕಾದವರು ಯಾರು, ತಿಳಿಸಿದರೆ ಸಾಕಾದವರು ಯಾರು. ನಿಮ್ಮ ಮ್ಯಾನೇಜರ್ ಜೊತೆ ಅರ್ಧ ಗಂಟೆ ಕೂತು, ಯಾವುದನ್ನು ನೀವೇ ತೀರ್ಮಾನಿಸಬಹುದು, ಯಾವುದನ್ನು ಕೇಳಿಯೇ ಮಾಡಬೇಕು ಎಂದು ಈ ವಾರವೇ ಸ್ಪಷ್ಟ ಮಾಡಿಕೊಳ್ಳಿ.

ಇನ್ನು ತಲೆಯಾಡಿಸುವ ವಿಷಯ. "ನೋಡೋಣ", "ಟ್ರೈ ಮಾಡ್ತೀನಿ" ಅನ್ನುವುದನ್ನು ನೀವು "ಯೆಸ್ ಸರ್" ಎಂದು ಕೇಳಿಸಿಕೊಳ್ಳುತ್ತಿದ್ದೀರಿ. ಎಷ್ಟೋ ಸಲ ಅದು ಮುಖ ಮುರಿಯದೆ ಹೇಳಿದ "ಆಗಲ್ಲ". ಮೀಟಿಂಗ್ ಮುಗಿಯುವ ಮೊದಲು "ಇದು ಯಾರ ಕೈಯಲ್ಲಿದೆ, ಯಾವತ್ತಿಗೆ ಸಿಗಬಹುದು?" ಎಂದು ಕೇಳಿ. ದಿನಾಂಕವನ್ನು ಅವರ ಬಾಯಿಂದಲೇ ಹೇಳಿಸಿ. ತಾನೇ ಹೇಳಿದ ದಿನವನ್ನು ಮನುಷ್ಯ ಸುಲಭಕ್ಕೆ ಮರೆಯುವುದಿಲ್ಲ. ಒಂದು ಗಂಟೆಯೊಳಗೆ ಅದನ್ನೇ ನಾಲ್ಕು ಸಾಲಿನ ಮೇಲ್ ಮಾಡಿ ಎಲ್ಲರಿಗೂ ಕಳಿಸಿ.

ಒರಟುತನದ ದೂರು ಹೆಚ್ಚಾಗಿ ಹುಟ್ಟುವುದು ಬರವಣಿಗೆಯಲ್ಲಿ. "ವರದಿ ನಾಳೆ 1700ಕ್ಕೆ ತಲುಪಬೇಕು" (ಅಂದರೆ ಸಂಜೆ 5ಕ್ಕೆ) ಎಂಬ ಸಾಲು ನಿಮಗೆ ಸಹಜ, ಓದುವವರಿಗೆ ಬೈದಂತೆ. ಇದನ್ನು ಹೀಗೆ ಬರೆದು ನೋಡಿ: "ಗುರುವಾರ ಬೆಳಗ್ಗೆ ಗ್ರಾಹಕರ ಜೊತೆ ಮೀಟಿಂಗ್ ಇದೆ, ಅದಕ್ಕೆ ಮೊದಲು ಅಂಕಿಗಳನ್ನು ಒಮ್ಮೆ ತಾಳೆ ನೋಡಬೇಕು. ಬುಧವಾರ ಸಂಜೆ 5ರೊಳಗೆ ವರದಿ ಕಳಿಸಲು ಆಗುತ್ತದೆಯೇ? ಕಷ್ಟವಾದರೆ ಇವತ್ತೇ ಹೇಳಿ, ಎರಡನೇ ಭಾಗ ನಾನು ಮಾಡುತ್ತೇನೆ." ಗಡುವು ಸಡಿಲವಾಗಿಲ್ಲ, ಕಾರಣ ಮಾತ್ರ ಸೇರಿದೆ. ಕಮಾಂಡರ್‌ನ ಉದ್ದೇಶ ಕೆಳಗಿನವರಿಗೂ ಗೊತ್ತಿರಬೇಕು ಎಂದು ನಿಮಗೆ ಸೇನೆಯೇ ಕಲಿಸಿದೆಯಲ್ಲ, ಅದನ್ನೇ ಇಲ್ಲಿ ಬಾಯಿಬಿಟ್ಟು ಹೇಳಬೇಕು. ತಪ್ಪು ತೋರಿಸುವುದಿದ್ದರೆ ಒಬ್ಬರನ್ನೇ ಕರೆದು ಹೇಳಿ. ನಾಲ್ಕು ಜನರ ಮುಂದೆ ಹೇಳಿದರೆ ವಿಷಯ ಮರೆತುಹೋಗಿ ಅವಮಾನವಷ್ಟೇ ನೆನಪಿರುತ್ತದೆ.

ಬೇರೆ ವಿಭಾಗದವರನ್ನು ನೇರವಾಗಿ ಮಾತಾಡಿಸಲು ಹಿಂಜರಿಯಬೇಡಿ. ಸಣ್ಣ ವಿಷಯ ಕೇಳಲು ಅದು ಮಾಮೂಲು, ಆದೇಶದ ಸರಪಣಿ ಮುರಿದಂತಲ್ಲ. ಅವರ ಸಮಯ ತಿನ್ನುವ ಕೆಲಸವಾದರೆ ಮಾತ್ರ ಅವರ ಮ್ಯಾನೇಜರಿಗೂ ತಿಳಿಸಿ.

ಸೇನೆಯಿಂದ ಬಂದವರನ್ನು ನಿಜವಾಗಿ ಸುಸ್ತು ಮಾಡುವುದು "ಆಗಲ್ಲ" ಎನ್ನದಿರುವ ಅಭ್ಯಾಸ ಎಂಬುದು ನನ್ನ ಅಭಿಪ್ರಾಯ. ಕೊಟ್ಟದ್ದನ್ನೆಲ್ಲ ಹೊತ್ತುಕೊಳ್ಳುತ್ತೀರಿ, ಹೊರೆ ಯಾರಿಗೂ ಕಾಣುವುದಿಲ್ಲ, ಕೊನೆಗೆ ಎರಡು ಕೆಲಸ ಒಟ್ಟಿಗೆ ಕೆಡುತ್ತವೆ. ಹೊಸ ಕೆಲಸ ಬಂದಾಗ ಕೈಯಲ್ಲಿರುವ ಪಟ್ಟಿಯನ್ನು ಮ್ಯಾನೇಜರ್ ಮುಂದಿಟ್ಟು "ಇದನ್ನು ಮೊದಲು ಮಾಡಿದರೆ ಯಾವುದನ್ನು ಮುಂದಕ್ಕೆ ಹಾಕಲಿ?" ಎಂದು ಕೇಳಿ. ಇದನ್ನು ಯಾರೂ ಅವಿಧೇಯತೆ ಎನ್ನುವುದಿಲ್ಲ. ಸಂಜೆ ಮೇಲಿನವರು ಇನ್ನೂ ಆಫೀಸಿನಲ್ಲಿ ಕೂತಿದ್ದಾರೆಂದು ನೀವೂ ಕೂರುವ ಅಗತ್ಯವಿಲ್ಲ.

ಒಂದನ್ನಂತೂ ಬಿಡಬೇಡಿ. ಅಮೆರಿಕದ ಸೇನೆ 1970ರ ದಶಕದಲ್ಲಿ ರೂಢಿಗೆ ತಂದ ಕಾರ್ಯಾನಂತರದ ವಿಮರ್ಶೆ ನಿಮಗೆ ಗೊತ್ತಿರಬಹುದು: ಏನಾಗಬೇಕಿತ್ತು, ಏನಾಯಿತು, ಯಾಕೆ ಹಾಗಾಯಿತು, ಮುಂದಿನ ಸಲ ಏನು ಮಾಡೋಣ. ಅಲ್ಲಿ ದರ್ಜೆ ಬದಿಗಿಟ್ಟು ಮಾತಾಡುತ್ತಾರೆ. ಒಂದು ಕೆಲಸ ಮುಗಿದ ಎರಡು ದಿನದೊಳಗೆ ತಂಡದ ಜೊತೆ 20 ನಿಮಿಷ ಇದನ್ನು ನಡೆಸಿ, ನಿಮ್ಮದೇ ತಪ್ಪನ್ನು ಮೊದಲು ಹೇಳಿ. ಉಳಿದವರು ಆಮೇಲೆ ಬಾಯಿ ಬಿಡುತ್ತಾರೆ, "ಟ್ರೈ ಮಾಡ್ತೀನಿ" ಎಂದವರು ಯಾಕೆ ಮಾಡಲಾಗಲಿಲ್ಲ ಎಂಬುದೂ ಸೇರಿ.