ಸಂಪಾದಕರ ಉತ್ತರ: ಸವೆದ ಬೆರಳು

"ಮನೆಯಲ್ಲಿ ಕೂತವರಿಗೆ ತಿಂಗಳು ತಿಂಗಳು ದುಡ್ಡು ಹಂಚಿದರೆ ತೋಟದ ಕೆಲಸಕ್ಕೆ ಯಾರು ಬರುತ್ತಾರೆ? ಅರ್ಧ ಪಿಂಚಣಿ ಬಾಟಲಿಗೇ ಹೋಗುತ್ತದೆ." ಹೀಗೆ ಬರೆದವರು ಕಾಸರಗೋಡಿನ ಪೆರ್ಲದ ಒಬ್ಬ ಅಡಿಕೆ ಕೃಷಿಕರು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ.

ಸ್ವಾಮೀ, ಮದ್ದು ಬಿಡಲು, ಅಡಿಕೆ ಕೊಯ್ಯಲು ಜನ ಸಿಗದೆ ನೀವು ಪಡುವ ಪಾಡು ಸುಳ್ಳಲ್ಲ. ಆದರೆ ಕೇರಳ ಸರಕಾರದ ಕ್ಷೇಮ ಪಿಂಚಣಿ ಸಿಗುವುದು ಅರುವತ್ತು ದಾಟಿದವರಿಗೆ, ವಿಧವೆಯರಿಗೆ, ಅಂಗವಿಕಲರಿಗೆ. ಇವರನ್ನು ಯಾವ ಮರ ಹತ್ತಿಸೋಣ ಹೇಳಿ? ಅದೂ ನೀವು ಎಣ್ಮಕಜೆ ಪಂಚಾಯತಿನವರು. ಗೇರುತೋಟದ ಮೇಲೆ ಹೆಲಿಕಾಪ್ಟರ್ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದನ್ನು ಕಂಡ ಊರು. ಆ ವಿಷದಿಂದ ಹಾಸಿಗೆ ಬಿಟ್ಟೇಳದ ಮಗುವನ್ನು ಬಿಟ್ಟು ತಾಯಿ ಯಾವ ಕೂಲಿಗೆ ಹೋಗಬೇಕು? ತಲಾ ಐದು ಲಕ್ಷ ಪರಿಹಾರ ಕೊಡಿ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2017ರಲ್ಲಿ, ಮದ್ದು ಸುರಿಯುವುದು ನಿಂತು ಹದಿನಾರು ವರ್ಷದ ಮೇಲೆ.

ಇನ್ನು ಬಾಟಲಿ. ಈ ಗುಮಾನಿ ನಿಮ್ಮೊಬ್ಬರದಲ್ಲ. ವಿಶ್ವಬ್ಯಾಂಕಿನ ಸಂಶೋಧಕರು 2014ರಲ್ಲಿ ಆಫ್ರಿಕಾ, ಏಷ್ಯಾ, ಲ್ಯಾಟಿನ್ ಅಮೆರಿಕಗಳ ಅಧ್ಯಯನಗಳನ್ನು ಜಾಲಾಡಿ ನೋಡಿದರು. ಬಡವರ ಕೈಗೆ ನಗದು ಕೊಟ್ಟಲ್ಲಿ ಕುಡಿತ, ತಂಬಾಕಿನ ಖರ್ಚು ಏರಿರಲಿಲ್ಲ. ಮೆಕ್ಸಿಕೋದವರು 1997ರಲ್ಲಿ ಪ್ರೊಗ್ರೆಸಾ ಎಂಬ ಯೋಜನೆ ತಂದು, ಮಕ್ಕಳು ಶಾಲೆಗೆ ಹೋಗಬೇಕೆಂಬ ಷರತ್ತಿನ ಮೇಲೆ ಹಳ್ಳಿಯ ತಾಯಂದಿರಿಗೆ ಹಣ ಕೊಟ್ಟರು. ನೂರು ಪೆಸೊ ಸಿಕ್ಕಿದರೆ ಇಪ್ಪತ್ತಾರರಷ್ಟು ಸಾಕುಪ್ರಾಣಿ, ಸಣ್ಣ ವ್ಯಾಪಾರ ಅಂತ ಬಂಡವಾಳವಾಯಿತು. ನಮ್ಮ ಬೇಲಿಯಾಚೆಯ ಅಜ್ಜಿಗೆ ಮೆಕ್ಸಿಕೋ ಯಾವ ದಿಕ್ಕೆಂದು ಗೊತ್ತಿಲ್ಲ. ಮೊದಲ ಪಿಂಚಣಿಯಲ್ಲಿ ಎರಡು ಹೇಂಟೆ ಕೊಂಡರು. ಮೊಟ್ಟೆ ನನಗೇ ಮಾರುತ್ತಾರೆ, ಕಡಿಮೆ ಕ್ರಯಕ್ಕೇನೂ ಅಲ್ಲ.

ಕೊಡುವುದಾದರೂ ಎಷ್ಟು? ಕೇರಳ 1980ರಲ್ಲಿ ಕೃಷಿ ಕಾರ್ಮಿಕರಿಗೆ 45 ರೂಪಾಯಿಯಿಂದ ಶುರುಮಾಡಿ 2021ಕ್ಕೆ 1600ಕ್ಕೆ ತಂದಿತು. ಕೇಂದ್ರದ ವೃದ್ಧಾಪ್ಯ ಪಿಂಚಣಿಯೋ, ಎಂಬತ್ತರೊಳಗಿನವರಿಗೆ ಎಷ್ಟೋ ವರ್ಷದಿಂದ ಅದೇ 200. ನಿಮ್ಮ ತೋಟದ ಒಂದು ಕಿಲೋ ಅಡಿಕೆ ಬರುವುದಿಲ್ಲ ಅದಕ್ಕೆ.

ಸೋಮಾರಿತನದ ಮಾತೆತ್ತಿದಿರಲ್ಲ, ಬನ್ನಿ, ಮಸ್ಟರಿಂಗ್ ಎಂಬ ಪಿಂಚಣಿದಾರರ ತಪಾಸಣೆಯ ಸಾಲು ತೋರಿಸುತ್ತೇನೆ. ಬದುಕಿದ್ದೇನೆ ಎಂದು ಬೆರಳೊತ್ತಿ ರುಜುಪಡಿಸಬೇಕು. ತಡ್ಪೆ (ಮೊರ) ಮಡಿಲಲ್ಲಿಟ್ಟು ನಲ್ವತ್ತು ವರ್ಷ ಬೀಡಿ ಕಟ್ಟಿದ ನಮ್ಮ ಆ ಅಜ್ಜಿಯ ಬೆರಳಿನಲ್ಲಿ ಗೆರೆ ಎಲ್ಲಿ ಉಳಿದಿರುತ್ತದೆ? ಯಂತ್ರ ಒಪ್ಪಲಿಲ್ಲ, "ನಾಳೆ ಬನ್ನಿ" ಎಂದರು. ಅರ್ಜಿಯೂ ಮಲಯಾಳದಲ್ಲಿ. ಇಲ್ಲಿನ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕನ್ನು 1969ರ ಭಾಷಾ ಕಾಯಿದೆಯೇ ಕೊಟ್ಟಿದೆ. ಕಾಯಿದೆಯ ಪುಸ್ತಕವನ್ನು ಅಜ್ಜಿ ಹೊತ್ತುಕೊಂಡು ಹೋಗಬೇಕೇನೋ. ಮೂರು ಸಲ ಹೋದರು. ಮೂರು ದಿನದ ಕೂಲಿ, ಬಸ್ಸಿನ ದುಡ್ಡು ಬೇರೆ.

ಹೌದು, ಕೂಲಿ. ಪಿಂಚಣಿ ಬಂದ ಮೇಲೂ ಅಡಿಕೆ ಸುಲಿಯಲು ಹೋಗುವುದನ್ನು ಅವರು ಬಿಟ್ಟಿಲ್ಲ. ನಿಮ್ಮ ಕಡೆಗೇ ಹೋಗುವುದು. ಅಂಗಳದಲ್ಲಿ ಒಮ್ಮೆ ವಿಚಾರಿಸಿ ನೋಡಿ.