ಮೊದಲು, ಬಾರದ ಮಕ್ಕಳ ಮನೆಗೆ ಹೋಗಿ

ನೀವು ಕೇಳಿದ್ದು ಇಷ್ಟು: ಕಡಿಮೆ ಆದಾಯದ ಮನೆಗಳ ಪುಟ್ಟ ಮಕ್ಕಳಿಗಾಗಿ ನಡೆಯುವ 12 ಕೇಂದ್ರಗಳಿಗೆ ಏನೇನು ಬೇಕು ಅಂತ ಎರಡು ತಿಂಗಳಲ್ಲಿ ನೀವು ವರದಿ ಕೊಡಬೇಕು. 60 ಪ್ರಶ್ನೆಗಳ ಫಾರ್ಮ್ ಸಿದ್ಧ ಇದೆ. ಅದನ್ನು ಕೇಂದ್ರದ ಮುಖ್ಯಸ್ಥರಿಗೆ ಕಳಿಸಿದರೆ ಸಾಕಾ, ಮಕ್ಕಳಿಗೂ ಪರೀಕ್ಷೆ ಮಾಡಬೇಕಾ?

ಫಾರ್ಮ್ ಈಗಲೇ ಕಳಿಸಬೇಡಿ. ನಾನು ಈ ಕೆಲಸ ಕೆಲವು ವರ್ಷಗಳಿಂದ ಮಾಡುತ್ತಿದ್ದೇನೆ. ಮೊದಲ ಸಲ ನಾನೂ ಫಾರ್ಮಿನಿಂದಲೇ ಶುರು ಮಾಡಿದ್ದೆ. ಎಲ್ಲ ಕಡೆಯಿಂದಲೂ ಹೆಚ್ಚುಕಡಿಮೆ ಒಂದೇ ಉತ್ತರ ಬಂತು. ಆಟಿಕೆ ಬೇಕು, ಪುಸ್ತಕ ಬೇಕು, ಗೋಡೆಗೆ ಬಣ್ಣ ಬೇಕು. ಸುಳ್ಳೇನಲ್ಲ. ಆದರೆ ಕೊಡುವವರು ಏನು ಕೊಟ್ಟಾರು ಅಂತ ಊಹಿಸಿ ಬರೆದ ಪಟ್ಟಿ ಅದು.

ಆಮೇಲೆ ಒಂದು ಕೇಂದ್ರದಲ್ಲಿ ಬೆಳಗ್ಗೆಯಿಂದ ಸುಮ್ನೆ ಕೂತೆ. ಕೈ ತೊಳೆಯುವ ನಲ್ಲಿ ದೊಡ್ಡವರ ಎತ್ತರಕ್ಕಿತ್ತು. ಮೂರು ವರ್ಷದ ಮಕ್ಕಳಿಗೆ ಎಟುಕುತ್ತಿರಲಿಲ್ಲ. ಸಹಾಯಕಿ ಒಬ್ಬೊಬ್ಬರನ್ನೇ ಎತ್ತಿ ಸೊಂಟಕ್ಕೆ ಒರಗಿಸಿಕೊಂಡು, ಇನ್ನೊಂದು ಕೈಯಲ್ಲಿ ನಲ್ಲಿ ತಿರುಗಿಸಿ ಕೈ ತೊಳೆಸುತ್ತಿದ್ದರು. 22 ಮಕ್ಕಳು. ಊಟಕ್ಕೆ ಮುಂಚೆ ಒಂದು ಸುತ್ತು, ಶೌಚಕ್ಕೆ ಹೋಗಿಬಂದಾಗಲೆಲ್ಲ ಮತ್ತೆ. ಅಷ್ಟು ಹೊತ್ತೂ ಉಳಿದ ಮಕ್ಕಳು ಸಾಲಿನಲ್ಲಿ ತಳ್ಳಾಡುತ್ತಿದ್ದರು. ಟೀಚರ್‌ಗೆ ಅವರನ್ನು ಸಂಭಾಳಿಸುವುದೇ ಕೆಲಸ. ಕಥೆ ಹೇಳುವ ಹೊತ್ತು ಹೀಗೇ ಕಳೆದುಹೋಗುತ್ತಿತ್ತು. ಆ ಕೇಂದ್ರಕ್ಕೆ ಬೇಕಾಗಿದ್ದು ನಲ್ಲಿಯ ಕೆಳಗೆ ಇಡಲು ಒಂದು ಗಟ್ಟಿಯಾದ ಮರದ ಮೆಟ್ಟಿಲು. ಫಾರ್ಮಿನಲ್ಲಿ ಅದು ಇರಲಿಲ್ಲ, ಯಾಕೆಂದರೆ ಸಹಾಯಕಿಯನ್ನು ಯಾರೂ ಕೇಳಿರಲಿಲ್ಲ.

ಹಾಗಾಗಿ ಕೇಳುವ ಮೊದಲು ನೋಡಿ. ಪ್ರತಿ ಕೇಂದ್ರದಲ್ಲೂ ಅರ್ಧ ದಿನವಾದರೂ ಕೂತಿರಿ. ಥೆಲ್ಮಾ ಹಾರ್ಮ್ಸ್ ಮತ್ತು ರಿಚರ್ಡ್ ಕ್ಲಿಫರ್ಡ್ 1980ರಲ್ಲಿ ತಂದ, 'ಈಕರ್ಸ್' ಅಂತ ಕರೆಯುವ, ಪುಟ್ಟ ಮಕ್ಕಳ ಕೇಂದ್ರಗಳ ಗುಣಮಟ್ಟ ಅಳೆಯುವ ಅಳತೆಪಟ್ಟಿಯೂ ಇದನ್ನೇ ಬಯಸುತ್ತದೆ. ನೋಡುವವರು ಗಂಟೆಗಟ್ಟಲೆ ಕೋಣೆಯಲ್ಲೇ ಇದ್ದು, ಜಾಗ, ಸ್ವಚ್ಛತೆ, ಟೀಚರ್ ಮಕ್ಕಳ ಜತೆ ಮಾತಾಡುವ ರೀತಿ, ಇಂಥವಕ್ಕೆಲ್ಲ 1ರಿಂದ 7ರವರೆಗೆ ಅಂಕ ಕೊಡಬೇಕು. ತರಬೇತಿ ಇಲ್ಲದೆ ಅಂಕ ಕೊಡಲು ಹೋಗಬೇಡಿ, ಆದರೆ ಏನೇನು ಗಮನಿಸಬೇಕು ಅನ್ನುವುದಕ್ಕೆ ಅದು ಒಳ್ಳೆಯ ದಾರಿ.

'ಅಗತ್ಯ' ಅನ್ನುವ ಪದದ ಬಗ್ಗೆಯೂ ಒಂದು ಮಾತು. ಬ್ರಿಟನ್ನಿನ ಸಮಾಜನೀತಿ ವಿದ್ವಾಂಸ ಜೊನಾಥನ್ ಬ್ರ್ಯಾಡ್‌ಶಾ 1972ರಲ್ಲಿ ಇದನ್ನು ನಾಲ್ಕಾಗಿ ಬಿಡಿಸಿದರು. ಇದು ಬೇಕು ಅಂತ ತಜ್ಞರು ಹೇಳುವುದು ಒಂದು. ಜನರಿಗೇ ಬೇಕು ಅನ್ನಿಸುವುದು ಇನ್ನೊಂದು. ಅವರು ಮುಂದೆ ಬಂದು ಕೇಳಿದ್ದು ಮೂರನೆಯದು. ಅಂಥದ್ದೇ ಬೇರೆಯವರಿಗೆ ಸಿಕ್ಕಿ ಇವರಿಗೆ ಸಿಗದೇ ಇರುವುದು ನಾಲ್ಕನೆಯದು. ನಿಮ್ಮ ಫಾರ್ಮಿಗೆ ಸಿಗುವುದು ಹೆಚ್ಚೆಂದರೆ ಮೊದಲನೆಯದು ಮತ್ತು ಮೂರನೆಯದು. ಬಡ ಮನೆಗಳ ವಿಷಯದಲ್ಲಿ ಎರಡನೆಯದಕ್ಕೂ ಮೂರನೆಯದಕ್ಕೂ ಅಂತರ ಜಾಸ್ತಿ. ಕೇಳಿದರೆ ಸಿಗುತ್ತದೆ ಅನ್ನುವ ನಂಬಿಕೆ ಇಲ್ಲದವರು ಕೇಳುವುದೇ ಇಲ್ಲ ಅಲ್ವಾ?

ಅದಕ್ಕೇ, ಕೇಂದ್ರಕ್ಕೆ ಬಾರದವರಿಗೆ ಹೆಚ್ಚು ಸಮಯ ಕೊಡಿ. ಹಾಜರಿ ಪುಸ್ತಕ ತೆಗೆಯಿರಿ. ಸೇರಿ ಬಿಟ್ಟವರು, ಸೇರದೇ ಉಳಿದವರು, ವಾರಕ್ಕೆ ಎರಡು ದಿನ ಮಾತ್ರ ಬರುವವರು, ಈ ಮೂರೂ ಥರದ ಮನೆಗಳಿಗೆ ಹೋಗಿ. ನಾನು ಹೋದ ಒಂದು ಮನೆಯ ಮುಂದೆ ನಮ್ಮ ದಾಖಲೆಯಲ್ಲಿ 'ಆಸಕ್ತಿ ಇಲ್ಲ' ಅಂತ ಬರೆದಿತ್ತು. ಆ ತಾಯಿ ಹೇಳಿದ್ದು: "ಕೇಂದ್ರ ಮಧ್ಯಾಹ್ನಕ್ಕೇ ಮುಚ್ಚತ್ತೆ. ನನ್ನ ಕೆಲಸ ಮುಗಿಯೋದು ಸಂಜೆ. ನಡುವೆ ಮಗುನ ಯಾರ ಹತ್ರ ಬಿಡ್ಲಿ?" ಆಕೆಯ ದೊಡ್ಡ ಮಗಳು ಶಾಲೆ ತಪ್ಪಿಸಿ ತಮ್ಮನನ್ನು ನೋಡಿಕೊಳ್ಳುತ್ತಿದ್ದಳು. ಆ ಎರಡು ಪದ ಬರೆದವರಲ್ಲಿ ನಾನೂ ಇದ್ದೆ ಅನ್ನುವುದು ಈಗಲೂ ನೋಯುತ್ತದೆ. ಅಲ್ಲಿ ಬೇಕಾಗಿದ್ದು ಆಟಿಕೆಯಲ್ಲ, ಇನ್ನೂ ನಾಲ್ಕು ಗಂಟೆ.

ಅಮೆರಿಕದಲ್ಲಿ ಬಡ ಮನೆಗಳ ಪುಟ್ಟ ಮಕ್ಕಳಿಗಾಗಿ 1965ರಿಂದ ನಡೆದುಬಂದಿರುವ ಹೆಡ್ ಸ್ಟಾರ್ಟ್ ಎಂಬ ಸರ್ಕಾರಿ ಕಾರ್ಯಕ್ರಮದ ನಿಯಮ ಇಲ್ಲಿ ನನಗೆ ತುಂಬಾ ಹಿಡಿಸುತ್ತದೆ. ಕೇಂದ್ರ ನಡೆಸುವವರು ಐದು ವರ್ಷದ ಅವಧಿಗೊಮ್ಮೆ ತಮ್ಮ ಪ್ರದೇಶದ ಅಗತ್ಯಗಳ ಸಮೀಕ್ಷೆ ಮಾಡಬೇಕು, ವರ್ಷಕ್ಕೊಮ್ಮೆ ಅದನ್ನು ಮರಳಿ ನೋಡಬೇಕು. ಅದರಲ್ಲಿ ತಂದೆತಾಯಿಯರ ಕೆಲಸ, ಓದು, ತರಬೇತಿಯ ವೇಳೆ ಸಾಮಾನ್ಯವಾಗಿ ಯಾವುದು ಅಂತ ಬರೆಯಬೇಕು. ಮನೆಯಿಲ್ಲದ ಮಕ್ಕಳು, ಅಂಗವೈಕಲ್ಯ ಇರುವ ಮಕ್ಕಳು ಎಷ್ಟು ಅಂತಲೂ ಬರೆಯಬೇಕು. ಊರಿನಲ್ಲಿ ಆಗಲೇ ಏನು ಬಲ ಇದೆ ಅನ್ನುವುದನ್ನೂ ಸೇರಿಸಬೇಕು. ನಿಮ್ಮ ವರದಿಯಲ್ಲೂ ಇವೆಲ್ಲ ಇರಲಿ.

ಟೀಚರ್ ಮತ್ತು ಸಹಾಯಕಿಯರನ್ನು ಮುಖ್ಯಸ್ಥರ ಎದುರು ಕೇಳಬೇಡಿ. ಎರಡು ವರ್ಷದಲ್ಲಿ ಎಷ್ಟು ಜನ ಕೆಲಸ ಬಿಟ್ಟರು ಅನ್ನುವ ಲೆಕ್ಕ ತಗೊಳ್ಳಿ. ತಿಂಗಳಿಗೊಬ್ಬರು ಬದಲಾಗುತ್ತಿದ್ದರೆ ಮಗು ಯಾರನ್ನು ನಂಬಬೇಕು?

ಮಕ್ಕಳ ಪರೀಕ್ಷೆ ಬೇಡ. ಗುರುತಿಲ್ಲದವರ ಮುಂದೆ ಮೂರು ವರ್ಷದ ಮಗು ಬಾಯಿ ಬಿಡುವುದೇ ಕಷ್ಟ. ನಿದ್ದೆಗೆಟ್ಟ ದಿನ ಒಂದು ಥರ, ಇನ್ನೊಂದು ದಿನ ಇನ್ನೊಂದು ಥರ. ಅಂಥ ಅಂಕ ಇಟ್ಟುಕೊಂಡು ಕೇಂದ್ರಗಳನ್ನು ಹೋಲಿಸಿದರೆ, ತೀರಾ ಕಷ್ಟದಲ್ಲಿರುವ ಮಕ್ಕಳನ್ನು ಸೇರಿಸಿಕೊಂಡ ಕೇಂದ್ರವೇ ಕೆಟ್ಟದ್ದಾಗಿ ಕಾಣುತ್ತದೆ. ಬೆಳವಣಿಗೆ ನಿಧಾನ ಇರುವ ಮಕ್ಕಳನ್ನು ಗುರುತಿಸುವುದು ಬೇರೆಯೇ ಕೆಲಸ. ಗುರುತಿಸಿದ ಮೇಲೆ ಕಳಿಸಲು ವೈದ್ಯರೋ ಚಿಕಿತ್ಸಕರೋ ಇದ್ದರೆ ಮಾತ್ರ ಅದಕ್ಕೆ ಕೈಹಾಕಿ.

ವರದಿ ಕೊಡುವ ಮುಂಚೆ ಪಟ್ಟಿಯನ್ನು ತಂದೆತಾಯಿಯರಿಗೆ ಓದಿ ಹೇಳಿ, ಯಾವುದು ಮೊದಲು ಅಂತ ಅವರೇ ಹೇಳಲಿ. ಒಂದು ಕಡೆ ನಾವು ಕೊನೆಯಲ್ಲಿ ಬರೆದಿದ್ದ ಗೇಟಿನ ಚಿಲಕವನ್ನು ಅವರು ಮೊದಲಿಗೆ ತಂದರು. ಗೇಟು ನೇರ ರಸ್ತೆಗೇ ತೆರೆಯುತ್ತಿತ್ತು.

ಇನ್ನು ನಿಮ್ಮ ಫಾರ್ಮ್. ಮೂರು ನಾಲ್ಕು ಕೇಂದ್ರಗಳಲ್ಲಿ ಕೂತು, ಹತ್ತಾರು ಮನೆ ಸುತ್ತಿದ ಮೇಲೆ ಅದನ್ನು ಮತ್ತೆ ತೆಗೆದು ನೋಡಿ. ಎಷ್ಟೋ ಪ್ರಶ್ನೆಗಳನ್ನು ನೀವೇ ಹೊಡೆದುಹಾಕುತ್ತೀರಿ. ಉಳಿದದ್ದನ್ನು ಇಲ್ಲಿ ಹಾಕಿ, ಕೂತು ನೋಡೋಣ.