62ಕ್ಕೆ ಒಬ್ಬರೇ ತಲಕಾವೇರಿಗೆ ಬರ್ಬೋದಾ ಅಂದ್ರೆ

ವಯಸ್ಸು 62, ಬೆಂಗಳೂರಿಂದ ಒಬ್ಬಳೇ ತಲಕಾವೇರಿಗೆ ಬರೋ ಆಸೆ, ಮಕ್ಕಳು ಬೇಡ ಅಂತಾರೆ, ಏನ್ಮಾಡ್ಲಿ ಅಂತ ಕೇಳಿದ್ದೀರಿ. ಬನ್ನಿ. ನಂಗೆ 68, ಮಡಿಕೇರಿಲೇ ಇರೋದು, ಯಜಮಾನ್ರು ಹೋದ್ಮೇಲೆ ಒಬ್ಬಳೇ ಓಡಾಡ್ತಿದ್ದೀನಿ. ಒಂದೇ ಮಾತು ಗಟ್ಟಿಯಾಗಿ ಹೇಳ್ತೀನಿ, ಬೆಳಕಿರುವಾಗ್ಲೇ ರೂಮು ಸೇರ್ಕೊಳ್ಳಿ.

ಒಂದ್ಸಲ ನಾಪೋಕ್ಲು ಕಡೆ ನೆಂಟರ ತೋಟಕ್ಕೆ ಹೊರಟಿದ್ದೆ, ಬಸ್ ಇಳಿಯೋ ಹೊತ್ತಿಗೆ ಸಂಜೆ ಆರೂವರೆ, ಜಡಿಮಳೆ, ಬರ್ಬೇಕಿದ್ದ ಜೀಪಿಲ್ಲ, ಮೊಬೈಲಲ್ಲಿ ಸಿಗ್ನಲ್ಲೂ ಇಲ್ಲ. ಬಿಪಿ ಮಾತ್ರೆ ದೊಡ್ಡ ಬ್ಯಾಗಿನ ತಳದಲ್ಲಿ, ಕೈ ನಡುಗಿ ಜಿಪ್ಪೇ ತೆಗಿಯಕ್ಕಾಗ್ಲಿಲ್ಲ. ಅಲ್ಲೊಂದು ಸಣ್ಣ ಅಂಗಡಿ, ಆ ಹೆಂಗಸು ಒಳಗೆ ಕರೆದು ಬೆಂಚಲ್ಲಿ ಕೂರ್ಸಿ ಬಿಸಿ ಬೆಲ್ಲದ ಕಾಪಿ ಕೊಟ್ಲು, ತಾನೇ ಬ್ಯಾಗು ಬಿಚ್ಚಿ ಮಾತ್ರೆ ಹುಡುಕಿದ್ಲು, ಮಗನನ್ನ ಸಿಗ್ನಲ್ ಸಿಗೋ ತಿರುವಿನ ತನಕ ಕಳ್ಸಿ ಫೋನ್ ಮಾಡಿಸಿದ್ಲು. ಅವತ್ತಿಂದ ಮಾತ್ರೆ, ಟಾರ್ಚು, ನಂಬರ್ ಬರೆದಿರೋ ಚೀಟಿ ಮೂರೂ ಹೆಗಲ ಚೀಲದಲ್ಲೇ. ಇನ್ನು ಸಿದ್ದಾಪುರ, ತಿತಿಮತಿ ಕಡೆ ತೋಟದೊಳಗಿನ ಹೋಂಸ್ಟೇ ಆದ್ರೆ ಕತ್ತಲಾದ್ಮೇಲೆ ರಸ್ತೆಗೇ ಆನೆ ಬರುತ್ತೆ, ನಡ್ಕೊಂಡು ಹೋಗೋ ಮಾತೇ ಬೇಡ. ನಿಮಗೆ ಮಡಿಕೇರಿ ಪೇಟೆಯೊಳಗೇ, ಕೆಳಗಿನ ಫ್ಲೋರಿನ ರೂಮು ಸಾಕು.

ಕೊಡಗಿಗೆ ರೈಲಿಲ್ಲ. ಬೆಂಗಳೂರಿಂದ ಸುಮಾರು 260 ಕಿಲೋಮೀಟರ್ ಒಂದೇ ಏಟಿಗೆ ಬರೋ ಬದ್ಲು ಮೈಸೂರಿನ ತನಕ ರೈಲು, ಅಲ್ಲೊಂದು ರಾತ್ರಿ ಉಳ್ಕೊಂಡು ಬೆಳಿಗ್ಗೆ ಬಸ್ಸು, 120 ಕಿಲೋಮೀಟರ್. ಆಧಾರ್ ಇಟ್ಕೊಂಡಿರಿ, ನಮ್ಮ ರಾಜ್ಯದ ಹೆಂಗಸರಿಗೆ ಸಾದಾ, ಎಕ್ಸ್‌ಪ್ರೆಸ್ ಬಸ್ಸಲ್ಲಿ ಟಿಕೆಟ್ ಫ್ರೀ, ಆದ್ರೆ ಫ್ರೀ ಅಂತ ರಶ್ಶಲ್ಲಿ ನಿಂತ್ಕೊಂಡು ಮಾತ್ರ ಬರ್ಬೇಡಿ, ಮಂಡಿ ಹೋಗುತ್ತೆ. ಸುಂಟಿಕೊಪ್ಪ ದಾಟಿದ್ಮೇಲೆ ತಿರುವುಗಳು ಜಾಸ್ತಿ, ಮುಂದಿನ ಸೀಟಲ್ಲೇ ಕೂತ್ಕೊಳ್ಳಿ, ಹೊಟ್ಟೆ ಬಿರಿಯ ತಿಂದು ಹತ್ಬೇಡಿ.

ಜೂನಿಂದ ಸೆಪ್ಟೆಂಬರ್ ಬೇಡವೇ ಬೇಡ. ಕಕ್ಕಡ ಅಂದ್ರೆ ಜುಲೈ-ಆಗಸ್ಟಲ್ಲಿ ಬರೋ ಕೊಡಗಿನ ತಿಂಗಳು, ಅದರ ಮಳೆ ಅಂದ್ರೆ ನಮಗೇ ಭಯ, 2018ರಲ್ಲಿ ಗುಡ್ಡ ಕುಸಿದಿದ್ದು ನೋಡಿದೀವಿ, 2020ರ ಆಗಸ್ಟಲ್ಲಿ ಬ್ರಹ್ಮಗಿರಿ ಬೆಟ್ಟವೇ ಜಾರಿ ತಲಕಾವೇರಿಲಿ ಜೀವ ಹೋದ್ವು. ಅಕ್ಟೋಬರ್ 17ರ ಸುಮಾರಿಗೆ ಬರೋ ತುಲಾ ಸಂಕ್ರಮಣದ ಜಾತ್ರೇಲಿ ಒಬ್ಬರಿಗೆ ನೂಕುನುಗ್ಗಲು ಕಷ್ಟ. ನವೆಂಬರ್ ಆದ್ಮೇಲೆ ಬುಧವಾರ, ಗುರುವಾರ ನೋಡ್ಕೊಂಡು ಬನ್ನಿ, ವೀಕೆಂಡಲ್ಲಿ ಬೆಂಗಳೂರೇ ಇಲ್ಲಿರುತ್ತೆ. ಭಾಗಮಂಡಲದಲ್ಲಿ ಸಂಗಮದ ಹತ್ರ ಕೂತು ಸುಧಾರಿಸ್ಕೊಂಡು ಆಮೇಲೆ ಮೇಲಕ್ಕೆ ಹೋಗಿ, ಅಲ್ಲಿಂದ 8 ಕಿಲೋಮೀಟರ್ ಅಷ್ಟೇ. ಮೇಲೆ ಮಂಜು ಬಿದ್ದು ಮೆಟ್ಟಿಲು ಪಾಚಿ ಹಿಡಿದಂಗೆ ಜಾರುತ್ತೆ, ಊರ್ಕೊಳ್ಳೋಕೆ ಉದ್ದ ಹಿಡಿಯ ಕೊಡೆ ತನ್ನಿ. ಬ್ರಹ್ಮಗಿರಿಯ ಮೆಟ್ಟಿಲ ತಂಟೆಗೆ ಹೋಗ್ಬೇಡಿ, ತೀರ್ಥದ ಹತ್ರ ನಿಂತ್ರೆ ಸಾಕು.

ಮಕ್ಕಳ ಜೊತೆ ಜಗಳ ಬೇಡ. ಬಸ್ಸಿನ ಟೈಮು, ರೂಮಿನವರ ನಂಬರು ಬರೆದು ಕೊಡಿ, ದಿನಾ ರಾತ್ರಿ ಎಂಟಕ್ಕೆ ಫೋನ್ ಮಾಡ್ತೀನಿ ಅನ್ನಿ, ಎಂಟೂವರೆ ಆದ್ರೂ ಬರ್ಲಿಲ್ಲ ಅಂದ್ರೆ ರೂಮಿನವರಿಗೆ ಮಾಡಿ, ಅವ್ರೂ ಎತ್ಲಿಲ್ಲ ಅಂದ್ರೆ 112 ಅಂತ ಈಗ್ಲೇ ಹೇಳಿಟ್ಟು ಹೊರಡಿ.